ನೇಕಾರರ ಓಟು: ಗ್ಲೌಖೌ–ಮೇರಾನೆ ಕ್ಷೇತ್ರದ ಚರಿತ್ರೆ

ಜರ್ಮನಿಯ ಚರಿತ್ರೆ ಅಂದ ಕೂಡಲೆ ನಮ್ಮ ಮಕ್ಕಳ ಬಾಯಿಗೆ ಬರುವ ಹೆಸರು ಎರಡೇ. ಒಂದು ಬಿಸ್ಮಾರ್ಕ್, ಇನ್ನೊಂದು ಹಿಟ್ಲರ್. ಒಬ್ಬ ಕಟ್ಟಿದ, ಇನ್ನೊಬ್ಬ ಕೆಡವಿದ, ಪಾಠ ಮುಗಿಯಿತು. ಇವರಿಬ್ಬರ ನಡುವೆ ಆ ದೇಶದ ದುಡಿಯುವ ಜನ ಏನು ಮಾಡುತ್ತಿದ್ದರು, ಏನು ತಿನ್ನುತ್ತಿದ್ದರು, ಯಾರಿಗೆ ಓಟು ಹಾಕುತ್ತಿದ್ದರು ಎಂಬುದನ್ನು ಕೇಳುವವರಿಲ್ಲ. ಅದಕ್ಕೇ ನಾವು ಇಲ್ಲಿ ಯಾವ ಚಕ್ರವರ್ತಿಯ ಚರಿತ್ರೆಯನ್ನೂ ಹೇಳಹೊರಟಿಲ್ಲ. ಒಂದು ಚುನಾವಣಾ ಕ್ಷೇತ್ರದ ಚರಿತ್ರೆ ಹೇಳುತ್ತೇವೆ. ಸರ್ಕಾರಿ ಕಡತದಲ್ಲಿ ಅದರ ಹೆಸರು ಸ್ಯಾಕ್ಸನಿಯ 17ನೇ ಕ್ಷೇತ್ರ. ಜನರ ಬಾಯಲ್ಲಿ ಗ್ಲೌಖೌ–ಮೇರಾನೆ.

ಸ್ಯಾಕ್ಸನಿ ಜರ್ಮನಿಯ ಪೂರ್ವಭಾಗದ ಒಂದು ಪುಟ್ಟ ರಾಜ್ಯ. ಅದರ ನೈಋತ್ಯ ಮೂಲೆಯಲ್ಲಿ ಗ್ಲೌಖೌ, ಮೇರಾನೆ, ಹೋಹೆನ್‌ಸ್ಟೈನ್, ಎರ್ನ್‌ಸ್ಟ್‌ಥಾಲ್ ಎಂಬ ಸಣ್ಣ ಸಣ್ಣ ಪಟ್ಟಣಗಳು. ಎಲ್ಲ ನೇಕಾರರ ಊರುಗಳು. ಉಣ್ಣೆ, ಹತ್ತಿ ಬೆರೆಸಿ ಹೆಂಗಸರ ಉಡುಪಿನ ಬಟ್ಟೆ ನೇಯುವುದು ಅಲ್ಲಿನ ಕಸುಬು. ಮನೆಯೊಳಗೇ ಮಗ್ಗ. ಗಂಡ ಮಗ್ಗಕ್ಕೆ ಕೂತರೆ ಹೆಂಡತಿ ಮಕ್ಕಳು ನೂಲು ಸುತ್ತಬೇಕು. ನೂಲು ಕೊಡುವವನು ಸಾಹುಕಾರ, ಬಟ್ಟೆ ಕೊಳ್ಳುವವನೂ ಅವನೇ, ಕೂಲಿ ಎಷ್ಟು ಅಂತ ಗೊತ್ತು ಮಾಡುವವನೂ ಅವನೇ. ದೂರದ ಪೇಟೆಯಲ್ಲಿ ಬಟ್ಟೆ ಬಿಕರಿಯಾಗದಿದ್ದರೆ ಈ ಮನೆಗಳಲ್ಲಿ ಒಲೆ ಹತ್ತುವುದಿಲ್ಲ. ಇದು ಸಾಲದು ಎಂಬಂತೆ ಆಗ ಉಗಿಯಂತ್ರದ ಮಗ್ಗಗಳು ಬೇರೆ ಬರತೊಡಗಿದ್ದವು.

ಇವರ ತಲೆ ಮೇಲೆ ಇನ್ನೊಬ್ಬ ಒಡೆಯನೂ ಇದ್ದ. ಈ ಸೀಮೆ ಷೋನ್‌ಬರ್ಗ್ ಎಂಬ ಪಾಳೇಗಾರ ಮನೆತನದ್ದು. ಸ್ಯಾಕ್ಸನಿಯ ರಾಜನ ಕೆಳಗಿದ್ದರೂ ಆ ಮನೆತನಕ್ಕೆ ತನ್ನದೇ ನ್ಯಾಯಸ್ಥಾನ, ತನ್ನದೇ ಹಕ್ಕುಗಳು. 1878ರವರೆಗೂ ಆ ನ್ಯಾಯಾಧಿಕಾರ ಅವರ ಕೈಯಲ್ಲೇ ಇತ್ತು. ಅಂದರೆ ಹೊಟ್ಟೆಗೆ ಸಾಹುಕಾರ, ನ್ಯಾಯಕ್ಕೆ ಪಾಳೇಗಾರ.

ಇಂಥ ಊರುಗಳಿಗೆ 1867ರಲ್ಲಿ ಓಟು ಬಂತು. ಕೊಟ್ಟವನು ಬಿಸ್ಮಾರ್ಕ್. ಕೊಟ್ಟದ್ದು ಪ್ರೀತಿಯಿಂದಲ್ಲ, ಲೆಕ್ಕಾಚಾರದಿಂದ. ಹಳ್ಳಿಯ ರೈತರು ರಾಜನಿಗೆ, ಜಮೀನುದಾರನಿಗೆ ವಿಧೇಯರು. ಅವರಿಗೆಲ್ಲ ಓಟು ಕೊಟ್ಟರೆ ನಗರದ ಉದಾರವಾದಿ ವಕೀಲರ, ವ್ಯಾಪಾರಿಗಳ ಸೊಕ್ಕು ಮುರಿಯಬಹುದು ಎಂದು ಅವನ ಎಣಿಕೆ. ಹೀಗೆ ಉತ್ತರ ಜರ್ಮನ್ ಒಕ್ಕೂಟದ ರೈಷ್‌ಟಾಗ್ ಅಂದರೆ ಸಂಸತ್ತಿಗೆ 25 ವರ್ಷ ದಾಟಿದ ಗಂಡಸರಿಗೆಲ್ಲ ಸಮಾನ ಮತ ಸಿಕ್ಕಿತು. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಆದಮೇಲೂ ಅದೇ ಪದ್ಧತಿ ನಡೆಯಿತು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಓಟು ಬಂದವನು ಗೆದ್ದ. ಅಲ್ಲಿ ಹಾಗಲ್ಲ, ಅರ್ಧಕ್ಕಿಂತ ಹೆಚ್ಚು ಬರಬೇಕು. ಬರದಿದ್ದರೆ ಮೊದಲಿನ ಇಬ್ಬರ ನಡುವೆ ಮತ್ತೊಂದು ಸುತ್ತು.

‘ಗಂಡಸರಿಗೆಲ್ಲ’ ಎಂದೆವು, ಅದೂ ಪೂರ್ತಿ ನಿಜವಲ್ಲ. ಬಡವರ ಪರಿಹಾರ ನಿಧಿಯಿಂದ ನೆರವು ಪಡೆದವನಿಗೆ ಓಟಿಲ್ಲ. ಅಂದರೆ ಮಗ್ಗ ನಿಂತು, ಹಸಿವು ತಾಳದೆ ಪುರಸಭೆಯ ಕಾಸು ಮುಟ್ಟಿದ ನೇಕಾರನ ಹೆಸರು ಪಟ್ಟಿಯಿಂದ ಹೊರಗೆ. ಹಸಿವೇ ಅಪರಾಧ, ಓಟು ಕಳೆಯುವುದೇ ಶಿಕ್ಷೆ. ಹೆಂಗಸರ ಮಾತಂತೂ ಎತ್ತುವ ಹಾಗೇ ಇರಲಿಲ್ಲ. ಮಗ್ಗದ ಅರ್ಧ ಕೆಲಸ ಅವರದು, ಓಟು ಮಾತ್ರ ಗಂಡನದು.

ಓಟು ಹಾಕುವ ರೀತಿ ನೋಡಿ. ಕಾನೂನಿನಲ್ಲಿ ಮತದಾನ ಗುಪ್ತ. ಆದರೆ ಸರ್ಕಾರ ಚೀಟಿ ಅಚ್ಚು ಹಾಕಿಸುತ್ತಿರಲಿಲ್ಲ. ಆಯಾ ಪಕ್ಷದವರೇ ಬಿಳಿ ಕಾಗದದಲ್ಲಿ ಹೆಸರು ಅಚ್ಚು ಮಾಡಿ ಹಂಚಬೇಕು. ಮತದಾರ ಅದನ್ನು ಮಡಚಿ ತಂದು, ಎಲ್ಲರೆದುರು ಅಧ್ಯಕ್ಷನ ಕೈಗೆ ಕೊಡಬೇಕು, ಅವನು ಪೆಟ್ಟಿಗೆಗೆ ಹಾಕಬೇಕು. ಕಾಗದ ದಪ್ಪವೋ ತೆಳುವೋ, ಹೇಗೆ ಮಡಚಿದೆ ಎಂಬುದನ್ನು ನೋಡಿದರೆ ಸಾಕು, ಯಾವ ಪಕ್ಷದ ಚೀಟಿ ಎಂದು ಮೇಜಿನ ಸುತ್ತ ಕೂತ ದೊಡ್ಡ ಮನುಷ್ಯರಿಗೆ ತಿಳಿಯುತ್ತಿತ್ತು. ಚೀಟಿಗೆ ಲಕೋಟೆ, ಓಟು ಹಾಕಲು ಮರೆ ಬಂದದ್ದು 1903ರಲ್ಲಿ. 36 ವರ್ಷ ಬಡವನು ಧಣಿಯ ಕಣ್ಣೆದುರೇ ಓಟು ಹಾಕಿದ.

ಇಷ್ಟೆಲ್ಲ ಇದ್ದೂ 1867ರ ಫೆಬ್ರವರಿಯಲ್ಲಿ ನಡೆದ ಮೊದಲ ಚುನಾವಣೆಯಲ್ಲೇ ಗ್ಲೌಖೌ–ಮೇರಾನೆಯ ನೇಕಾರರು ಆರಿಸಿದ್ದು ಯಾರನ್ನು? ಷೋನ್‌ಬರ್ಗ್ ದೊರೆಯ ಕಡೆಯವನನ್ನಲ್ಲ, ಸಾಹುಕಾರನನ್ನೂ ಅಲ್ಲ. ಆಗಸ್ಟ್ ಬೆಬೆಲ್ ಎಂಬ 27ರ ಆಸುಪಾಸಿನ ಕುಶಲಕರ್ಮಿಯನ್ನು. ಕಲೋನ್ ಹತ್ತಿರದ ಡಾಯ್ಟ್ಸ್‌ನಲ್ಲಿ 1840ರಲ್ಲಿ ಹುಟ್ಟಿದವನು. ಅಪ್ಪ ಪ್ರಷ್ಯದ ಸೈನ್ಯದಲ್ಲಿ ಕೆಳದರ್ಜೆಯ ಸಿಪಾಯಿ, ಮಗ ಚಿಕ್ಕವನಿದ್ದಾಗಲೇ ಸತ್ತ. ಬೆಬೆಲ್ ಲೇತ್ ಹಿಡಿದು ಕಡೆಯುವ ಕೆಲಸ ಕಲಿತು, ಊರೂರು ತಿರುಗಿ, 1860ರಲ್ಲಿ ಲೈಪ್ಸಿಗ್‌ಗೆ ಬಂದು ನೆಲೆಸಿದ. ಎಮ್ಮೆ ಕೊಂಬಿನಲ್ಲಿ ಬಾಗಿಲು, ಕಿಟಕಿಗಳ ಹಿಡಿಕೆ ಮಾಡಿ ಮಾರುತ್ತಿದ್ದ. ಸಂಸತ್ ಸದಸ್ಯನಾದ ಮೇಲೂ ಅದೇ ಕಸುಬು, ಯಾಕೆಂದರೆ ಸದಸ್ಯರಿಗೆ ಸಂಬಳವಾಗಲಿ ಭತ್ಯವಾಗಲಿ ಇರಲಿಲ್ಲ. ಬಡವನಿಗೆ ಓಟು ಕೊಟ್ಟರೂ ಬಡವನು ಸಂಸತ್ತಿನಲ್ಲಿ ಕೂರಬಾರದು ಎಂದು ಬಿಸ್ಮಾರ್ಕ್ ಹಾಕಿದ ಬೇಲಿ ಅದು. ಸದಸ್ಯರಿಗೆ ಭತ್ಯ ಬಂದದ್ದು 1906ರಲ್ಲಿ.

ಈ ಕ್ಷೇತ್ರದ ನಿಜವಾದ ಪರೀಕ್ಷೆ ಮುಂದೆ ಬಂತು. 1870ರ ಜುಲೈನಲ್ಲಿ ಫ್ರಾನ್ಸಿನ ಮೇಲೆ ಯುದ್ಧ. ದೇಶವೆಲ್ಲ ಕಹಳೆ, ಬಾವುಟ. ಯುದ್ಧದ ಸಾಲಕ್ಕೆ ಒಪ್ಪಿಗೆ ಕೇಳಿದಾಗ ಬೆಬೆಲ್ ಮತ್ತು ವಿಲ್‌ಹೆಲ್ಮ್ ಲೀಬ್‌ಕ್ನೆಕ್ಟ್ ಓಟು ಹಾಕದೆ ದೂರ ಉಳಿದರು. ಆಮೇಲೆ ಫ್ರಾನ್ಸಿನ ಚಕ್ರವರ್ತಿ ಸೋತು, ಯುದ್ಧ ಬರೀ ನೆಲ ಕಬಳಿಸುವ ಯುದ್ಧವಾದಾಗ, ನೇರವಾಗಿ ವಿರುದ್ಧವೇ ಓಟು ಹಾಕಿದರು. ಡಿಸೆಂಬರಿನಲ್ಲಿ ಇಬ್ಬರಿಗೂ ಜೈಲು. ದೇಶದ್ರೋಹಿ ಎಂಬ ಬಿರುದು. 1871ರ ಮಾರ್ಚಿನಲ್ಲಿ ಹೊಸ ಸಾಮ್ರಾಜ್ಯದ ಮೊದಲ ಚುನಾವಣೆ ಬಂದಾಗ ಬೆಬೆಲ್ ಇನ್ನೂ ಬಂಧನದಲ್ಲಿದ್ದ. ಗೆಲುವಿನ ಅಮಲಿನಲ್ಲಿ ದೇಶ ತೇಲುತ್ತಿತ್ತು. ಇಡೀ ಜರ್ಮನಿಯಲ್ಲಿ ಗೆದ್ದ ಸಮಾಜವಾದಿಗಳು ಇಬ್ಬರೇ. ನೆರೆಯ ಸ್ವಿಕೌ ಕ್ಷೇತ್ರದಿಂದ ರೈನ್‌ಹೋಲ್ಡ್ ಶ್ರಾಪ್ಸ್, ಗ್ಲೌಖೌ–ಮೇರಾನೆಯಿಂದ ಬೆಬೆಲ್. ಅದೇ ಮೇ 25ರಂದು, ಪ್ಯಾರಿಸ್ಸಿನ ಬೀದಿಗಳಲ್ಲಿ ಕಮ್ಯೂನಿನ ಕಾರ್ಮಿಕರನ್ನು ಕೊಲ್ಲುತ್ತಿದ್ದ ದಿನಗಳಲ್ಲೇ, ಈ ನೇಕಾರರ ಪ್ರತಿನಿಧಿ ಬರ್ಲಿನ್ನಿನಲ್ಲಿ ಎದ್ದು ನಿಂತು ಕಮ್ಯೂನಿನ ಪರವಾಗಿ ಮಾತಾಡಿದ. ಆ ಭಾಷಣವೇ ತನ್ನ ಕಣ್ಣು ತೆರೆಸಿತೆಂದು ಬಿಸ್ಮಾರ್ಕ್ ಏಳು ವರ್ಷದ ಮೇಲೆ ಹೇಳಿಕೊಂಡ.

1872ರಲ್ಲಿ ಲೈಪ್ಸಿಗ್‌ನಲ್ಲಿ ರಾಜದ್ರೋಹದ ಮೊಕದ್ದಮೆ, ಎರಡು ವರ್ಷ ಕೋಟೆಯ ಸೆರೆ. ಮೇಲೆ ಚಕ್ರವರ್ತಿಯನ್ನು ಅವಮಾನಿಸಿದನೆಂದು ಇನ್ನೊಂಬತ್ತು ತಿಂಗಳು, ಜೊತೆಗೆ ಸಂಸತ್ ಸದಸ್ಯತ್ವ ರದ್ದು. ಸರಿ, ಸ್ಥಾನ ಖಾಲಿಯಾಯಿತು. 1873ರ ಜನವರಿಯಲ್ಲಿ ಮರುಚುನಾವಣೆ. ನೇಕಾರರು ಸೆರೆಯಲ್ಲಿದ್ದವನನ್ನೇ ಮತ್ತೆ ಆರಿಸಿದರು, ಅದೂ ಹಿಂದಿನದಕ್ಕಿಂತ ಹೆಚ್ಚಿನ ಅಂತರದಿಂದ. ನ್ಯಾಯಾಲಯ ಕಿತ್ತುಕೊಂಡದ್ದನ್ನು ಜನ ವಾಪಸು ಕೊಟ್ಟರು. ಚೀಟಿಯ ದಪ್ಪ ನೋಡುವ ಕಣ್ಣುಗಳ ಮುಂದೆ ಇದನ್ನು ಮಾಡಿದರು ಎಂಬುದನ್ನು ಮರೆಯಬಾರದು.

1877ರಲ್ಲಿ ಬೆಬೆಲ್ ಎರಡು ಕಡೆ ಗೆದ್ದು ಡ್ರೆಸ್ಡೆನ್ ಇಟ್ಟುಕೊಂಡಾಗ ಗ್ಲೌಖೌ–ಮೇರಾನೆಗೆ ವಿಲ್‌ಹೆಲ್ಮ್ ಬ್ರಾಕೆ ಬಂದ. ಮಾರ್ಕ್ಸ್ 1875ರಲ್ಲಿ ಗೋಥಾ ಕಾರ್ಯಕ್ರಮದ ಬಗ್ಗೆ ತನ್ನ ಟೀಕೆಯನ್ನು ಕಳಿಸಿದ್ದು ಈ ಬ್ರಾಕೆಗೇ. ಮರುವರ್ಷ, 1878ರ ಅಕ್ಟೋಬರಿನಲ್ಲಿ, ಸಮಾಜವಾದಿಗಳ ವಿರುದ್ಧದ ಕಾನೂನು ಬಂತು. ಪಕ್ಷ ನಿಷೇಧ, ಸಂಘ ನಿಷೇಧ, ಪತ್ರಿಕೆ ನಿಷೇಧ, ಸಭೆ ನಿಷೇಧ. ಬೆಬೆಲ್‌ನನ್ನು 1881ರಲ್ಲಿ ಲೈಪ್ಸಿಗ್‌ನಿಂದಲೇ ಹೊರಗಟ್ಟಿದರು. ಆದರೆ ಒಂದು ಕಿಂಡಿ ಉಳಿದಿತ್ತು. ಚುನಾವಣೆಗೆ ನಿಲ್ಲುವ ಹಕ್ಕನ್ನು ಆ ಕಾನೂನು ಕಿತ್ತುಕೊಂಡಿರಲಿಲ್ಲ. ಪಕ್ಷ ಇಲ್ಲ, ಅಭ್ಯರ್ಥಿ ಇದ್ದಾನೆ! ಆಗ ಕ್ಷೇತ್ರವೇ ಪಕ್ಷವಾಯಿತು.

ಬ್ರಾಕೆ ಕಾಯಿಲೆ ಬಿದ್ದು ಸ್ಥಾನ ಬಿಟ್ಟ ಮೇಲೆ 1880ರಲ್ಲಿ ಇಗ್ನಾಟ್ಸ್ ಔಯರ್ ಗೆದ್ದ. ಬವೇರಿಯದವನು, ಜೀನು ಹೊಲಿಯುವ ಚರ್ಮದ ಕಸುಬಿನವನು. 1881ರಲ್ಲಿ ಕ್ಷೇತ್ರ ಕೈತಪ್ಪಿತು, 1884ರಲ್ಲಿ ಮರಳಿ ಬಂತು, ಯುದ್ಧದ ಗುಮ್ಮ ತೋರಿಸಿ ನಡೆಸಿದ 1887ರ ಚುನಾವಣೆಯಲ್ಲಿ ಮತ್ತೆ ಹೋಯಿತು, 1890ರಲ್ಲಿ ಮತ್ತೆ ಬಂತು. ಆ ವರ್ಷ ಸಮಾಜವಾದಿಗಳು ದೇಶದಲ್ಲಿ 14 ಲಕ್ಷಕ್ಕೂ ಹೆಚ್ಚು ಓಟು, 35 ಸ್ಥಾನ ಪಡೆದರು. ಬಿಸ್ಮಾರ್ಕ್ ಕುರ್ಚಿ ಬಿಟ್ಟ, ಕಾನೂನೂ ಸತ್ತಿತು. ಔಯರ್ 1907ರಲ್ಲಿ ಸಾಯುವವರೆಗೂ ಈ ಕ್ಷೇತ್ರದ ಪ್ರತಿನಿಧಿಯಾಗಿಯೇ ಇದ್ದ.

ಒಡೆಯರು ಸುಮ್ಮನಿದ್ದರೆ? ಇಲ್ಲ. ರೈಷ್‌ಟಾಗಿನ ಓಟು ಮುಟ್ಟಲಾಗದಿದ್ದರೆ ಬೇರೆ ಬಾಗಿಲು ಮುಚ್ಚಿದರು. ಸ್ಯಾಕ್ಸನಿಯ ರಾಜ್ಯ ಶಾಸನಸಭೆಗೆ 1896ರಲ್ಲಿ ಮೂರು ವರ್ಗಗಳ ಮತಪದ್ಧತಿ ತಂದರು. ಕಟ್ಟುವ ತೆರಿಗೆಯ ಮೇಲೆ ಮತದಾರರನ್ನು ಮೂರು ಪಂಕ್ತಿ ಮಾಡಿದರು. ಹಣವಂತರ ಸಣ್ಣ ಪಂಕ್ತಿಗೂ ಬಡವರ ದೊಡ್ಡ ಪಂಕ್ತಿಗೂ ಒಂದೇ ತೂಕ. ಪಂಕ್ತಿಭೇದ ಅಂದರೇನೆಂದು ನಮ್ಮ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೆಲವೇ ವರ್ಷಗಳಲ್ಲಿ ಆ ಸಭೆಯಲ್ಲಿ ಒಬ್ಬ ಸಮಾಜವಾದಿಯೂ ಉಳಿಯಲಿಲ್ಲ. ಜನ ಉತ್ತರ ಕೊಟ್ಟದ್ದು 1903ರಲ್ಲಿ. ರೈಷ್‌ಟಾಗಿಗೆ ಸ್ಯಾಕ್ಸನಿಯ 23 ಸ್ಥಾನಗಳಲ್ಲಿ 22 ಸಮಾಜವಾದಿಗಳ ಪಾಲಾದವು. ‘ಕೆಂಪು ಸ್ಯಾಕ್ಸನಿ’ ಎಂಬ ಹೆಸರು ಹುಟ್ಟಿತು. ಅದೇ ವರ್ಷ ಪಕ್ಕದ ಕ್ರಿಮಿಟ್ಸ್‌ಚೌ ಪಟ್ಟಣದ ಜವಳಿ ಕಾರ್ಮಿಕರು, ಅವರಲ್ಲಿ ಹೆಂಗಸರೂ ಬಹಳ, ದಿನಕ್ಕೆ ಹತ್ತು ಗಂಟೆಯ ದುಡಿಮೆ ಬೇಕೆಂದು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಸೋತರು, ಆದರೆ ಅವರ ಬೇಡಿಕೆ ಸಾಯಲಿಲ್ಲ.

ಇನ್ನೊಂದು ಮೋಸ ಇನ್ನೂ ಸದ್ದಿಲ್ಲದ್ದು. ಕ್ಷೇತ್ರಗಳ ಗಡಿಯನ್ನು ಸಾಮ್ರಾಜ್ಯ ಇರುವ ತನಕ ಬದಲಿಸಲೇ ಇಲ್ಲ. ಕಾರ್ಖಾನೆಗಳ ನಗರಗಳು ಉಬ್ಬಿದವು, ಜಮೀನುದಾರರ ಸೀಮೆ ಹಾಗೇ ಉಳಿಯಿತು. 1912ರಲ್ಲಿ ಬರ್ಲಿನ್ ಪಕ್ಕದ ಟೆಲ್ಟೋ–ಷಾರ್ಲಟನ್‌ಬುರ್ಗ್ ಕ್ಷೇತ್ರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತದಾರರು; ಷೌಂಬುರ್ಗ್–ಲಿಪ್ಪೆಯಲ್ಲಿ ಹನ್ನೊಂದು ಸಾವಿರದಷ್ಟೂ ಇಲ್ಲ. ಎರಡಕ್ಕೂ ಒಂದೊಂದೇ ಸ್ಥಾನ. 1907ರ ಚುನಾವಣೆ ನಡೆದದ್ದು ಆಫ್ರಿಕದ ಹೆರೆರೊ, ನಾಮಾ ಜನರನ್ನು ಕೊಲ್ಲುತ್ತಿದ್ದ ಯುದ್ಧದ ಖರ್ಚಿನ ಜಗಳದ ಮೇಲೆ. ಆಗ ಸಮಾಜವಾದಿಗಳಿಗೆ ಒಟ್ಟು ಓಟು ಹೆಚ್ಚಾದರೂ ಸ್ಥಾನಗಳು ಅರ್ಧಕ್ಕೆ ಇಳಿದು 43 ಆದವು. ಸರ್ಕಾರದ ಕಡೆಯ ಪಕ್ಷಗಳು ಎರಡನೇ ಸುತ್ತಿನಲ್ಲಿ ಒಟ್ಟಾಗಿದ್ದವು.

1918ರ ನವೆಂಬರಿನ ಕ್ರಾಂತಿಯಲ್ಲಿ ಚಕ್ರವರ್ತಿ ಓಡಿದ. ಹೆಂಗಸರಿಗೆ ಓಟು ಬಂತು. ಇದನ್ನು ಬೆಬೆಲ್ ಪಕ್ಷದವರು 1895ರಲ್ಲೇ ಸಂಸತ್ತಿನಲ್ಲಿ ಕೇಳಿದ್ದರು. 1919ರ ಜನವರಿಯಲ್ಲಿ ಗ್ಲೌಖೌನ ಹೆಂಗಸರು ಮೊದಲ ಸಲ ಓಟು ಹಾಕಿದರು. ಹಳೆಯ ಕ್ಷೇತ್ರಗಳು ಹೋಗಿ, ಪಕ್ಷಕ್ಕೆ ಬಂದ ಓಟಿನ ಪ್ರಮಾಣದಲ್ಲಿ ಸ್ಥಾನ ಹಂಚುವ ಪದ್ಧತಿ ಬಂತು. 17ನೇ ಕ್ಷೇತ್ರ ದೊಡ್ಡದೊಂದು ಖೆಮ್ನಿಟ್ಸ್–ಸ್ವಿಕೌ ಕ್ಷೇತ್ರದೊಳಗೆ ಕರಗಿತು.

ಕತೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ಚಪ್ಪಾಳೆಗೆಂದು ಚರಿತ್ರೆ ಹೇಳುವುದು ಪುರಾಣಿಕರ ಕೆಲಸ. 1923ರಲ್ಲಿ ಸ್ಯಾಕ್ಸನಿಯ ಎಡಪಂಥೀಯ ಸರ್ಕಾರವನ್ನು ಬರ್ಲಿನ್ ಸೈನ್ಯ ಕಳಿಸಿ ಕೆಳಗಿಳಿಸಿತು. ಸೋಷಿಯಲ್ ಡೆಮಾಕ್ರಾಟರೂ ಕಮ್ಯುನಿಸ್ಟರೂ ಪರಸ್ಪರ ಮುಖ ನೋಡದ ಶತ್ರುಗಳಾದರು. 1929ರ ಜಾಗತಿಕ ಕುಸಿತ ಬಂದಾಗ ಹೊರದೇಶದ ಪೇಟೆ ನಂಬಿದ್ದ ಜವಳಿ ಊರುಗಳು ಮೊದಲು ಬಿದ್ದವು. 1932ರ ಜುಲೈಯಲ್ಲಿ ನಾಜಿಗಳಿಗೆ ದೇಶದಲ್ಲಿ ನೂರಕ್ಕೆ 37.3 ಓಟು ಬಂದರೆ, ಖೆಮ್ನಿಟ್ಸ್–ಸ್ವಿಕೌನಲ್ಲಿ ಅದಕ್ಕಿಂತ ಹೆಚ್ಚು ಬಂತು. ಹೌದು, ಬೆಬೆಲ್‌ನನ್ನು ಸೆರೆಯಿಂದ ಆರಿಸಿದ ಅದೇ ಸೀಮೆಯಲ್ಲಿ. 1933ರಲ್ಲಿ ಸಂಘಗಳನ್ನು ಒಡೆದರು, ಪಕ್ಷಗಳನ್ನು ನಿಷೇಧಿಸಿದರು. ಈ ಸಲ ಕಿಂಡಿ ಉಳಿಯಲಿಲ್ಲ.

ಯುದ್ಧದ ನಂತರ ಪೂರ್ವ ಜರ್ಮನಿ ಬಂತು. ಬೆಬೆಲ್ ಹೆಸರು ಬೀದಿಗಳಿಗೆ ಸಿಕ್ಕಿತು, ಆಯ್ಕೆ ಮಾತ್ರ ಜನರಿಗೆ ಸಿಗಲಿಲ್ಲ. ಒಂದೇ ಪಟ್ಟಿ. ಅದನ್ನು ಮಡಚಿ ಪೆಟ್ಟಿಗೆಗೆ ಹಾಕುವುದಷ್ಟೇ ಕೆಲಸ. ಓಟಿಗೆ ಹೋಗುವುದನ್ನು ಜನ ‘ಮಡಚೋಕೆ ಹೋಗೋದು’ ಎಂದು ಗೇಲಿ ಮಾಡುತ್ತಿದ್ದರು. ಮರೆಗೆ ಹೋದವನ ಮೇಲೆ ಅನುಮಾನ. ಕಾರ್ಮಿಕರ ಹೆಸರಿನ ಸರ್ಕಾರವೇ ಅವರನ್ನು 1867ರ ಆ ಮೇಜಿನ ಮುಂದೆ ಮತ್ತೆ ನಿಲ್ಲಿಸಿತು. ನಿಜವಾದ ಚುನಾವಣೆ ಕಂಡದ್ದು 1990ರ ಮಾರ್ಚ್ 18ರಂದು. ಆಮೇಲೆ ಕಾರ್ಖಾನೆಗಳು ಮುಚ್ಚಿದವು, ಪ್ರಾಯದವರು ಪಶ್ಚಿಮಕ್ಕೆ ಗುಳೆ ಹೋದರು. 2025ರ ಫೆಬ್ರವರಿಯ ಚುನಾವಣೆಯಲ್ಲಿ ಸ್ಯಾಕ್ಸನಿಯಲ್ಲಿ ಮೊದಲ ಸ್ಥಾನ ಬಂದದ್ದು ವಲಸಿಗರನ್ನು ದೂರುವ ಬಲಪಂಥೀಯ ಎಎಫ್‌ಡಿ ಪಕ್ಷಕ್ಕೆ. ಬೆಬೆಲ್ ಕಟ್ಟಿದ ಪಕ್ಷ ಅಲ್ಲಿ ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ.

ಹಾಗಾದರೆ ಆ ನೇಕಾರರ ಓಟು ವ್ಯರ್ಥವಾಯಿತೆ? ನಾವು ಹಾಗೆ ಹೇಳುವುದಿಲ್ಲ. ಹಸಿದವನು ಧಣಿಯ ಕಣ್ಣೆದುರು ತನ್ನವನ ಹೆಸರಿನ ಚೀಟಿ ಕೊಟ್ಟದ್ದು ಸಣ್ಣ ಮಾತಲ್ಲ. ಹನ್ನೆರಡು ವರ್ಷದ ನಿಷೇಧವನ್ನು ಮುರಿದದ್ದು ಆ ಚೀಟಿಯೇ. ಆದರೆ ಆ ಚೀಟಿಯ ಹಿಂದೆ ಸಂಘವಿತ್ತು, ಓದುಕೂಟವಿತ್ತು, ಮುಷ್ಕರವಿತ್ತು, ಒಬ್ಬರ ಮನೆಯ ಒಲೆ ಆರಿದರೆ ಇನ್ನೊಬ್ಬರು ಕೇಳುವ ನಂಟಿತ್ತು. ಅವು ಇರುವ ತನಕ ಕ್ಷೇತ್ರ ಕೆಂಪಾಗಿತ್ತು. ಅವು ಒಡೆದ ಮೇಲೆ ಅದೇ ಹಸಿವು, ಅದೇ ಜನ, ಅದೇ ಊರು ಬೇರೆಯವರ ಕೈಗೆ ಹೋಯಿತು. ಕ್ಷೇತ್ರ ಯಾರಪ್ಪನ ಆಸ್ತಿಯೂ ಅಲ್ಲ, ಒಳ್ಳೆಯವರದ್ದೂ ಅಲ್ಲ. ಒಮ್ಮೆ ಗೆದ್ದೆವೆಂದು ಮಗ್ಗ ಬಿಟ್ಟು ಎದ್ದರೆ ಹಾಸು ಸಡಿಲವಾಗುತ್ತದೆ, ಹೊಕ್ಕು ನಿಲ್ಲುವುದಿಲ್ಲ. ಇದನ್ನು ನೇಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರ ಹೆಸರಿನಲ್ಲಿ ರಾಜಕೀಯ ಮಾಡುವವರು ಕಲಿಯಬೇಕು.