ಝಕಾತ್ ಹಂಚಿಕೆ

ಅನುಕೂಲಸ್ಥ ಮುಸ್ಲಿಮರಿಗೆ ಕಡ್ಡಾಯವಾದ ದಾನ ಝಕಾತ್. ನಿಗದಿತ ಮಿತಿ ದಾಟಿ ವರ್ಷವಿಡೀ ಉಳಿದ ಹಣ, ಚಿನ್ನ, ಬೆಳ್ಳಿಯ ಮೇಲೆ ಶೇ. 2.5ರಷ್ಟು ಕೊಡಬೇಕು. ಪಡೆಯುವವರು ಯಾರೆಂಬುದು ಕೊಡುವವರ ಮರ್ಜಿಗೆ ಬಿಟ್ಟದ್ದಲ್ಲ. ಕುರ್‌ಆನ್ (9:60) ಎಂಟು ವರ್ಗಗಳನ್ನು ಹೆಸರಿಸುತ್ತದೆ: ಬಡವರು, ನಿರ್ಗತಿಕರು, ಝಕಾತ್ ಸಂಗ್ರಹಿಸುವವರು, ಮನ ಒಲಿಸಬೇಕಾದವರು, ಗುಲಾಮರ ಬಿಡುಗಡೆ, ಸಾಲಗಾರರು, ದೇವಮಾರ್ಗದ ಕೆಲಸ, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕರು.

ಈ ಪೈಕಿ ಲಭ್ಯರಿರುವ ಎಲ್ಲ ವರ್ಗಗಳಿಗೂ ಪಾಲು ಸಲ್ಲಬೇಕೆಂಬುದು ಶಾಫಿಈ ಪಂಥದ ಪ್ರಧಾನ ನಿಲುವು. ಒಂದೇ ವರ್ಗಕ್ಕೆ ಕೊಟ್ಟರೂ ಸಾಕೆನ್ನುತ್ತದೆ ಹನಫಿ ಪಂಥ. ಕರ್ನಾಟಕದಲ್ಲಿ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈಗಳು, ಒಳನಾಡಿನ ಬಹುತೇಕರು ಹನಫಿಗಳು. ಸಾಮಾನ್ಯವಾಗಿ ಹೆತ್ತವರಿಗೆ, ಮಕ್ಕಳಿಗೆ ಝಕಾತ್ ಕೊಡುವಂತಿಲ್ಲ. ಅವರನ್ನು ಸಾಕುವುದೇ ಬೇರೊಂದು ಹೊಣೆ. ಬಡ ಒಡಹುಟ್ಟಿದವರಿಗೆ ಕೊಡಬಹುದು. ಮುಸ್ಲಿಮೇತರ ಬಡವರಿಗೆ ಸಲ್ಲುವುದು ಸದಕಾ, ಅಂದರೆ ಐಚ್ಛಿಕ ದಾನ, ಎಂಬುದು ಬಹುಪಾಲು ಧರ್ಮಶಾಸ್ತ್ರಜ್ಞರ ಮತ. ಆದರೂ ಎರಡನೆಯ ಖಲೀಫ ಉಮರ್ ಭಿಕ್ಷೆ ಬೇಡುತ್ತಿದ್ದ ಯಹೂದಿ ವೃದ್ಧನೊಬ್ಬನಿಗೆ ಸಾರ್ವಜನಿಕ ಖಜಾನೆಯಿಂದ ನೆರವು ಕೊಡಿಸಿದ ಪ್ರಸಂಗವನ್ನು ನ್ಯಾಯಶಾಸ್ತ್ರಜ್ಞ ಅಬೂ ಯೂಸುಫ್ ದಾಖಲಿಸಿದ್ದಾನೆ.

ನಿಜವಾಗಿ ಕಷ್ಟದ ಭಾಗ ಅರ್ಹರನ್ನು ಗುರುತಿಸುವುದು. ಸ್ವಾಭಿಮಾನದಿಂದ ಕೈಚಾಚದ ಬಡವರನ್ನು ಕುರ್‌ಆನ್ (2:273) ವಿಶೇಷವಾಗಿ ನೆನೆಯುತ್ತದೆ. ಮಸೀದಿಯ ಬಾಗಿಲಲ್ಲಿ ಸಾಲು ನಿಲ್ಲಿಸಿ ಹಂಚಿದರೆ ಅಂಥವರೇ ಮೊದಲು ತಪ್ಪಿಹೋಗುತ್ತಾರೆ. ಮನೆಗೆ ಹೋಗಿ, ಗುಟ್ಟಾಗಿ ವಿಚಾರಿಸಿ ತಲುಪಿಸುವುದೇ ಹೆಚ್ಚು ನ್ಯಾಯದ ಕ್ರಮ.