ಟ್ಯಾಂಗ್ರಾದ ಉಪ್ಪಿನಕಾಯಿ

ಗೋಬಿ ಮಂಚೂರಿಗೂ ಮಂಚೂರಿಯಾ ಪ್ರಾಂತ್ಯಕ್ಕೂ ಸಂಬಂಧವಿಲ್ಲ ಅಂತ ಈಗ ಊರಲ್ಲಿ ಬಹಳ ಜನರಿಗೆ ಗೊತ್ತು. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಗೆ ಮಾಡಿದ ಪ್ರಯೋಗ ಅದು. ಈ ಕಥೆ ಅವರೇ ಹೇಳಿಕೊಂಡದ್ದು. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು, ನಮ್ಮ ಗಲ್ಲಿಗಳ ಗಾಡಿಗೂ ಬಂತು, ಜೊತೆಗೆ ಕಣ್ಣು ಕುಕ್ಕುವ ಕೆಂಪು ಬಣ್ಣವೂ ಬಂತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಆ ಕೃತಕ ಬಣ್ಣವನ್ನು ನಿಷೇಧಿಸಿತು.

ಚೀನೀಯರ ಮನೆಯಡಿಗೆಯಲ್ಲೂ ಒಂದು ಕೆಂಪು ಇದೆ. ಅದು ಪೊಟ್ಟಣದ ಬಣ್ಣವಲ್ಲ. ಅನ್ನದ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸಿ, ಒಣಗಿಸಿ ಮಾಡಿದ ಕೆಂಪಕ್ಕಿಯಿಂದ ಬಂದದ್ದು. ಹುದುಗಿಸಿದ ತೋಫು ಅನ್ನುವ ಪದಾರ್ಥದ ಒಂದು ಬಗೆಗೆ ಇದನ್ನು ಹಾಕುತ್ತಾರೆ. ನಾನು ಅದನ್ನು ಮೊದಲು ಕಂಡದ್ದು ಕಲಕತ್ತೆಯಲ್ಲಿ, ಬ್ಯಾಂಕಿನ ವರ್ಗಾವಣೆಯ ಮೇಲೆ 1990ರ ದಶಕದ ಮೊದಲಲ್ಲಿ ಅಲ್ಲಿದ್ದಾಗ.

ತೋಫು ಅಂದರೆ ಸೋಯಾ ಹಾಲನ್ನು ಒಡೆಸಿ, ಹಿಂಡಿ, ಗಟ್ಟಿ ಮಾಡಿದ ಪನೀರು. ಕ್ರಿಸ್ತಪೂರ್ವ ಎರಡನೇ ಶತಮಾನದ ಲಿಯು ಆನ್ ಎಂಬ ರಾಜಕುಮಾರ ಅದನ್ನು ಕಂಡುಹಿಡಿದ ಅಂತ ಚೀನೀಯರ ಐತಿಹ್ಯ. ಆ ಪನೀರನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಬರುವ ತನಕ ಬಿಡುತ್ತಾರೆ. ಆಮೇಲೆ ಉಪ್ಪು ಹಾಕಿ, ಅಕ್ಕಿಯ ಮದ್ಯ ಬೆರೆತ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ಬೂಷ್ಟಿನ ಕಿಣ್ವಗಳು ಸೋಯಾದ ಪ್ರೋಟೀನನ್ನು ಒಡೆಯುತ್ತಾ ಹೋಗಿ, ತೋಫು ಬೆಣ್ಣೆಯಷ್ಟು ಮೆತ್ತಗಾಗುತ್ತದೆ. ಹಳೇ ಚೀಸಿನಂಥ ವಾಸನೆ, ನಾಲಿಗೆಗೆ ಅಂಟಿಕೊಳ್ಳುವ ರುಚಿ. ಬೌದ್ಧ ಸನ್ಯಾಸಿಗಳ ಅಡಿಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ, ನಮ್ಮ ಮಠದ ಅಡಿಗೆಯ ಹಾಗೇ. ಅಂಥ ಅಡಿಗೆಗೆ ಜೀವ ಕೊಡುವ ಪದಾರ್ಥಗಳಲ್ಲಿ ಇದೂ ಒಂದು.

ಕಲಕತ್ತೆಯ ಚೀನೀಯರ ಇತಿಹಾಸ ಶುರುವಾಗುವುದು ವಾರನ್ ಹೇಸ್ಟಿಂಗ್ಸ್‌ನ ಕಾಲದಲ್ಲಿ. ಹದಿನೆಂಟನೇ ಶತಮಾನದ ಕೊನೆಗೆ ಅಚ್ಯು ಎಂಬಾತ ಬಜ್‌ಬಜ್ ಹತ್ತಿರ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಅವನ ಹೆಸರಿನ ಅಚ್ಚಿಪುರ ಈಗಲೂ ಇದೆ. ಹೊಸ ವರ್ಷಕ್ಕೆ ಅವನ ಸಮಾಧಿಗೆ ಕೈಮುಗಿಯಲು ಜನ ಹೋಗುತ್ತಾರೆ. ಆಮೇಲೆ ಬಂದವರಲ್ಲಿ ಕ್ಯಾಂಟನ್ನಿನವರು ಬಡಗಿಗಳು, ಹುಬೈನವರು ದಂತವೈದ್ಯರು, ಹಕ್ಕಾ ಜನ ಚಪ್ಪಲಿ ಮತ್ತು ಚರ್ಮದ ಕೆಲಸದವರು. ಹಕ್ಕಾಗಳು ಊರಾಚೆಯ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ಕಟ್ಟಿದರು.

ಅಲ್ಲಿನ ನಮ್ಮ ಗ್ರಾಹಕರೊಬ್ಬರ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದೆವು. ನಾವು ಸಸ್ಯಾಹಾರಿಗಳೆಂದು ಅವರ ತಾಯಿ ಬರೀ ತರಕಾರಿಯ ಸ್ಪ್ರಿಂಗ್ ರೋಲ್ ಕರಿದಿದ್ದರು. ಅದರೊಳಗಿನ ರುಚಿ ಏನು ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ, ಆಕೆ ಬಾಟಲಿ ತಂದು ತೋರಿಸಿ ಹಿಂದಿಯಲ್ಲಿ, "ಇದು ನಮ್ಮ ಅಚಾರ್ ಬೇಟಿ, ನಿಮ್ಮದು ಮಾವಿನದು, ನಮ್ಮದು ಇದು" ಅಂದರು. ಊರಿಂದ ಬರುವ ಮಿಡಿ ಉಪ್ಪಿನಕಾಯಿಯ ಡಬ್ಬಿಗೆ ಕಾಯುವ ನಮಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಊಟವಾದ ಮೇಲೆ ಮಾತು 1962ಕ್ಕೆ ಹೋಯಿತು. ಯುದ್ಧ ಶುರುವಾದ ಮೇಲೆ ಸರ್ಕಾರ ಸುಮಾರು 3,000 ಮಂದಿ ಚೀನೀ ಮೂಲದವರನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರದಲ್ಲಿಟ್ಟಿತು. ಅಸ್ಸಾಂ, ಡಾರ್ಜೀಲಿಂಗ್, ಶಿಲ್ಲಾಂಗ್ ಕಡೆಯವರು ಹೆಚ್ಚು. ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಕೋರ್ಟಿಲ್ಲ, ವಿಚಾರಣೆಯಿಲ್ಲ. ಕೆಲವರು ನಾಲ್ಕು ವರ್ಷಕ್ಕೂ ಮಿಕ್ಕಿ ಅಲ್ಲಿದ್ದರು. ಬಿಡುಗಡೆಯಾಗಿ ಬಂದಾಗ ಅನೇಕರ ಅಂಗಡಿ, ಮನೆ ಬೇರೆಯವರ ಕೈಸೇರಿತ್ತು. ಸಾವಿರಾರು ಮಂದಿ ಕೆನಡಾ ಮುಂತಾದ ಕಡೆ ಹೊರಟುಹೋದರು. ಉಳಿದವರಿಗೆ ಇನ್ನೊಂದು ಪೆಟ್ಟು 1996ರಲ್ಲಿ ಬಿತ್ತು: ಮಾಲಿನ್ಯದ ಕಾರಣಕ್ಕೆ ಚರ್ಮದ ಕಾರ್ಖಾನೆಗಳು ಟ್ಯಾಂಗ್ರಾ ಬಿಟ್ಟು ಹೋಗಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಕಾರ್ಖಾನೆಗಳಿದ್ದ ಕಡೆ ಹೋಟೆಲುಗಳು ಬಂದವು. ದೇಶವೆಲ್ಲ ಚೀನೀ ತಿಂಡಿಗೆ ಮರುಳಾಗುತ್ತಿದ್ದ ಕಾಲದಲ್ಲೇ ಅದನ್ನು ತಂದ ಜನ ಕಡಿಮೆಯಾಗುತ್ತಾ ಬಂದರು. ಈಗ ಕಲಕತ್ತೆಯಲ್ಲಿ ಉಳಿದಿರುವವರು ಕೆಲವೇ ಸಾವಿರ.

ಸ್ಪ್ರಿಂಗ್ ರೋಲಿನ ಹೆಸರಲ್ಲೇ ವಸಂತವಿದೆ. ಫೆಬ್ರವರಿ ಮೊದಲ ವಾರದಲ್ಲಿ ಅವರ ಪಂಚಾಂಗದ ವಸಂತ ಶುರುವಾಗುವ ದಿನ, ಎಳೆ ತರಕಾರಿಗಳನ್ನು ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುವ ಪದ್ಧತಿ ಟಾಂಗ್ ವಂಶದ ಕಾಲದಷ್ಟು ಹಳೆಯದು. ಕರಿಯುವ ರೂಢಿ ಆಮೇಲಿನದು.

ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಎಲೆಕೋಸು, ಗಜ್ಜರಿ, ಹುರುಳಿಕಾಯಿ ಸಣ್ಣಗೆ ಉದ್ದುದ್ದ ಹೆಚ್ಚಿ, ಮೊಳಕೆ ಹೆಸರುಕಾಳು ಸೇರಿಸಿ, ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಬಾಡಿಸಬೇಕು. ನಾಲ್ಕು ಜನರ ಪಲ್ಯಕ್ಕೆ ಹುದುಗಿಸಿದ ತೋಫುವಿನ ಎರಡು ಚೌಕ ಸಾಕು. ಬಾಟಲಿಯ ನೀರಿನಲ್ಲೇ ಅದನ್ನು ಕಿವುಚಿ ಹಾಕಿ. ರುಚಿ ನೋಡುವ ತನಕ ಉಪ್ಪು ಮುಟ್ಟಬೇಡಿ, ಅದರಲ್ಲೇ ಬೇಕಾದಷ್ಟಿರುತ್ತದೆ. ಪಲ್ಯ ಒಣಗಿ ಪೂರ್ತಿ ಆರಬೇಕು. ಬಿಸಿ ಅಥವಾ ನೀರು ಇದ್ದರೆ ಹಾಳೆ ಮೆತ್ತಗಾಗಿ ಎಣ್ಣೆಯಲ್ಲಿ ಒಡೆಯುತ್ತದೆ. ಹಾಳೆಗಳು ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿ ಸಿಗುತ್ತವೆ. ಬಿಗಿಯಾಗಿ ಸುತ್ತಿ, ಅಂಚಿಗೆ ಮೈದಾ ಅಂಟು ಸವರಿ, ಹದವಾದ ಉರಿಯಲ್ಲಿ ಹೊಂಬಣ್ಣ ಬರುವ ತನಕ ಕರಿಯಿರಿ. ಮದ್ಯ ಒಲ್ಲದವರು ಬಾಟಲಿಯ ಚೀಟಿ ಓದಿ ಕೊಳ್ಳಬೇಕು.

ಈಗ ದೊಡ್ಡ ಊರುಗಳಲ್ಲಿ ಹುಡುಕಿದರೆ ಈ ಬಾಟಲಿ ಸಿಗುತ್ತದೆ. ತಂದವರು ಮಕ್ಕಳಿಗೆ ಇದರ ರುಚಿ ತೋರಿಸುವಾಗ ದೇವಲಿಯ ಹೆಸರನ್ನೂ ಹೇಳಲಿ ಅಂತ ನನ್ನ ಆಸೆ. ಪರಊರಿನಲ್ಲಿ ಮನೆ ಕಟ್ಟಿ, ಅಲ್ಲಿನ ಭಾಷೆ ಕಲಿತು ಬದುಕಿದವರನ್ನು ಮೂಲ ಯಾವುದೆಂದು ನೋಡಿ ರೈಲು ಹತ್ತಿಸಿದ ಆ ವರ್ಷ, ಊರು ಬಿಟ್ಟು ಬಾಳುವ ಎಲ್ಲರಿಗೂ ಸಂಬಂಧಪಟ್ಟದ್ದು.