ಟ್ಯಾಕ್ರೋಲಿಮಸ್ ಮಟ್ಟ: ವರದಿಯ ಅಂಕಿ ಮತ್ತು ಬಂಧಮುಕ್ತ ಔಷಧದ ಲೆಕ್ಕ

ದಾವಣಗೆರೆ: ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಜೀವನಪರ್ಯಂತ ಸೇವಿಸಬೇಕಾದ ಔಷಧಗಳಲ್ಲಿ ಟ್ಯಾಕ್ರೋಲಿಮಸ್ ಪ್ರಮುಖವಾದುದು. ಹೊಸ ಅಂಗವನ್ನು ಶರೀರ ಪರಕೀಯವೆಂದು ತಿರಸ್ಕರಿಸದಂತೆ ಅದು ರೋಗನಿರೋಧಕ ವ್ಯವಸ್ಥೆಯನ್ನು ಕುಗ್ಗಿಸುತ್ತದೆ. ಪ್ರಮಾಣ ಕಡಿಮೆಯಾದರೆ ಕಸಿ ತಿರಸ್ಕೃತವಾಗುವ ಭಯ. ಹೆಚ್ಚಾದರೆ ಕೈನಡುಕ, ಮಧುಮೇಹ, ಸೋಂಕು ಮಾತ್ರವಲ್ಲದೆ ಉಳಿಸಬೇಕಾದ ಮೂತ್ರಪಿಂಡಕ್ಕೇ ಹಾನಿ. ಆದ್ದರಿಂದಲೇ ಕಾಲಕಾಲಕ್ಕೆ ರಕ್ತದಲ್ಲಿ ಅದರ ಮಟ್ಟವನ್ನು ಅಳೆಯಲಾಗುತ್ತದೆ. ಆದರೆ ವರದಿಯಲ್ಲಿ ಬರುವ ಅಂಕಿ ಕೆಲಸ ಮಾಡುತ್ತಿರುವ ಔಷಧದ ಅಂಕಿಯಲ್ಲ ಎಂಬುದು ಬಹಳಷ್ಟು ರೋಗಿಗಳಿಗೆ ತಿಳಿದಿಲ್ಲ.

1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಟ್ಯಾಕ್ರೋಲಿಮಸ್ ಪತ್ತೆಯಾಯಿತು. ಅಮೆರಿಕದಲ್ಲಿ ಅದಕ್ಕೆ ಯಕೃತ್ ಕಸಿಗೆ 1994ರಲ್ಲಿ, ಮೂತ್ರಪಿಂಡ ಕಸಿಗೆ 1997ರಲ್ಲಿ ಮಾನ್ಯತೆ ದೊರೆಯಿತು. ಕನ್ನಡ ನಾಡಿನ ಅನೇಕ ರೋಗಿಗಳು ಇಂದಿಗೂ ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದಾಗ ಈ ಔಷಧವಾಗಲಿ, ಅದಕ್ಕಿಂತ ಹಳೆಯದಾದ ಸೈಕ್ಲೋಸ್ಪೋರಿನ್ ಆಗಲಿ ವೈದ್ಯರ ಕೈಯಲ್ಲಿರಲಿಲ್ಲ.

ಬಂಧಮುಕ್ತ ಎಂದರೇನು?

ರಕ್ತಕ್ಕೆ ಸೇರಿದ ಟ್ಯಾಕ್ರೋಲಿಮಸ್‌ನ ಬಹುಪಾಲು ಕೆಂಪು ರಕ್ತಕಣಗಳೊಳಗೆ ಹೋಗಿ ಅಲ್ಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಉಳಿಯುವ ಅಲ್ಪಭಾಗದಲ್ಲೂ ಹೆಚ್ಚಿನದು ಆಲ್ಬುಮಿನ್ ಮುಂತಾದ ಪ್ರೋಟೀನ್‌ಗಳಿಗೆ ಬಂಧಿತವಾಗಿರುತ್ತದೆ. ಯಾವುದಕ್ಕೂ ಅಂಟದೆ ಉಳಿಯುವುದು ಒಟ್ಟಿನ ಶೇ 1ಕ್ಕಿಂತಲೂ ಕಡಿಮೆ. ಜೀವಕೋಶದೊಳಗೆ ಹೋಗಿ ಪರಿಣಾಮವನ್ನೂ ದುಷ್ಪರಿಣಾಮವನ್ನೂ ಉಂಟುಮಾಡುವುದು ಈ ಬಂಧಮುಕ್ತ ಭಾಗವೇ. ಶಿವಮೊಗ್ಗದ ಕಡೆಗೆ ಹೊರಟ ಬಸ್ಸಿನಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂಬುದು ಒಂದು ಲೆಕ್ಕ, ಹೊನ್ನಾಳಿಯಲ್ಲಿ ಇಳಿಯುವವರೆಷ್ಟು ಎಂಬುದು ಬೇರೆಯೇ ಲೆಕ್ಕ. ಪ್ರಯೋಗಾಲಯಗಳು ಕೊಡುವುದು ಮೊದಲ ಲೆಕ್ಕವನ್ನು ಮಾತ್ರ.

ರಕ್ತಹೀನತೆ ಇದ್ದಾಗ ಈ ವ್ಯತ್ಯಾಸ ಅಪಾಯಕಾರಿಯಾಗುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಹೆಮಟೋಕ್ರಿಟ್ ಎನ್ನುತ್ತಾರೆ. ಹೆಮಟೋಕ್ರಿಟ್ ಶೇ 40 ಇರುವ ವ್ಯಕ್ತಿಯಲ್ಲಿ ಔಷಧದ ಮಟ್ಟ ಮಿಲಿಲೀಟರಿಗೆ 8 ನ್ಯಾನೋಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ಹೆಮಟೋಕ್ರಿಟ್ ಶೇ 25ಕ್ಕೆ, ಅಂದರೆ ಹಿಮೋಗ್ಲೋಬಿನ್ ಸುಮಾರು 8ಕ್ಕೆ ಇಳಿದರೆ, ಔಷಧ ಕೂರುವ ಜಾಗವೇ ಕಡಿಮೆಯಾಗಿ ವರದಿಯ ಅಂಕಿ ಸರಳ ಲೆಕ್ಕದಲ್ಲಿ 5ಕ್ಕೆ ಇಳಿಯುತ್ತದೆ. ಬಂಧಮುಕ್ತ ಔಷಧ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಅಂಕಿಯನ್ನಷ್ಟೇ ನೋಡಿ ಮಾತ್ರೆ ಹೆಚ್ಚಿಸಿದರೆ ಮೂತ್ರಪಿಂಡಕ್ಕೆ ವಿಷ ಉಣಿಸಿದಂತೆ. ಇದರ ತಿರುವುಮುರುವೂ ನಿಜ: ಕಬ್ಬಿಣಾಂಶದ ಚಿಕಿತ್ಸೆಯಿಂದ ಹಿಮೋಗ್ಲೋಬಿನ್ ಚೇತರಿಸಿಕೊಂಡಾಗ ಅಂಕಿ ತಾನಾಗಿಯೇ ಏರುತ್ತದೆ, ಅದನ್ನು ಕಂಡು ಮಾತ್ರೆ ಇಳಿಸಿದರೆ ತಿರಸ್ಕಾರಕ್ಕೆ ದಾರಿಯಾದೀತು. ಕಸಿಯ ನಂತರದ ಮೊದಲ ತಿಂಗಳುಗಳಲ್ಲಿ ರಕ್ತಹೀನತೆ ಸಾಮಾನ್ಯವಾದುದರಿಂದ ಇದು ಪುಸ್ತಕದ ಸಮಸ್ಯೆಯಲ್ಲ.

ಅಳೆಯುವುದು ಹೇಗೆ?

ಹಾಗಿದ್ದರೆ ಬಂಧಮುಕ್ತ ಭಾಗವನ್ನೇ ಏಕೆ ಅಳೆಯಬಾರದು? ವಿಧಾನಗಳಿವೆ. ಅಲ್ಟ್ರಾಫಿಲ್ಟ್ರೇಷನ್ ಎಂಬುದರಲ್ಲಿ ಪ್ಲಾಸ್ಮಾವನ್ನು ಅತಿಸೂಕ್ಷ್ಮ ಪೊರೆಯ ಮೂಲಕ ವೇಗವಾಗಿ ತಿರುಗಿಸಿ ಸೋಸಲಾಗುತ್ತದೆ. ಸುಮಾರು 66 ಸಾವಿರ ಡಾಲ್ಟನ್ ತೂಕದ ಆಲ್ಬುಮಿನ್ ಮೇಲೆಯೇ ಉಳಿದು, 804 ಡಾಲ್ಟನ್ ತೂಕದ ಬಿಡಿ ಟ್ಯಾಕ್ರೋಲಿಮಸ್ ಕೆಳಗಿಳಿಯುತ್ತದೆ. ಸಮತೋಲನ ಡಯಾಲಿಸಿಸ್ ಎಂಬ ಇನ್ನೊಂದು ವಿಧಾನದಲ್ಲಿ ಪೊರೆಯ ಒಂದು ಬದಿ ಪ್ಲಾಸ್ಮಾ, ಇನ್ನೊಂದು ಬದಿ ಲವಣದ್ರಾವಣ ಇಟ್ಟು, 37 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗಟ್ಟಲೆ ಕಾಯಬೇಕು. ನಂತರ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ದುಬಾರಿ ಯಂತ್ರದಲ್ಲಿ ಅಳೆಯಬೇಕು.

ತೊಡಕು ಇರುವುದು ಇಲ್ಲಿಯೇ. ಸಿಗುವ ಪ್ರಮಾಣ ನ್ಯಾನೋಗ್ರಾಂನ ಸಾವಿರದ ಒಂದು ಭಾಗವಾದ ಪಿಕೋಗ್ರಾಂಗಳ ಲೆಕ್ಕದ್ದು. ಜಿಡ್ಡಿನ ಸ್ವಭಾವದ ಈ ಔಷಧ ಪ್ಲಾಸ್ಟಿಕ್ ನಳಿಕೆಗೂ ಪೊರೆಗೂ ಅಂಟಿಕೊಂಡು ಇದ್ದಷ್ಟೂ ಮಾಯವಾಗುತ್ತದೆ. ರಕ್ತ ತಣ್ಣಗಾದಂತೆ ಔಷಧ ಪ್ಲಾಸ್ಮಾದಿಂದ ಕಣಗಳೊಳಗೆ ಸರಿಯುವುದರಿಂದ ಉಷ್ಣಾಂಶ ತಪ್ಪಿದರೂ ಫಲಿತಾಂಶ ತಪ್ಪುತ್ತದೆ. ಪೂರ್ಣ ರಕ್ತದಲ್ಲೇ ಅಳೆಯುವ ಪದ್ಧತಿ ನೆಲೆನಿಂತಿದ್ದಕ್ಕೆ ಇದೂ ಒಂದು ಕಾರಣ. ಬಂಧಮುಕ್ತ ಮಟ್ಟ ಇಷ್ಟೇ ಇರಬೇಕೆಂಬ ಸರ್ವಸಮ್ಮತ ಮಿತಿಯೂ ಇಲ್ಲ. ಹೀಗಾಗಿ ಈ ಪರೀಕ್ಷೆ ಬಹುಮಟ್ಟಿಗೆ ಸಂಶೋಧನಾ ಕೇಂದ್ರಗಳಲ್ಲೇ ಉಳಿದಿದೆ.

ಟ್ಯಾಕ್ರೋಲಿಮಸ್ ಜೊತೆಗೇ ಕೊಡುವ ಮೈಕೋಫಿನೋಲೇಟ್ ವಿಷಯ ಬೇರೆ. ಅದರ ಸಕ್ರಿಯ ರೂಪ ಪ್ಲಾಸ್ಮಾದಲ್ಲೇ ಇದ್ದು ಸುಮಾರು ಶೇ 97ರಷ್ಟು ಆಲ್ಬುಮಿನ್‌ಗೆ ಅಂಟಿರುತ್ತದೆ. ಆಲ್ಬುಮಿನ್ ಕುಸಿದಾಗ ಅಥವಾ ಮೂತ್ರಪಿಂಡ ಸೋತಾಗ ಬಿಡಿ ಭಾಗ ಹೆಚ್ಚುತ್ತದೆ. ಪ್ರಮಾಣ ದೊಡ್ಡದಾದುದರಿಂದ ಅಳೆಯುವುದೂ ಸುಲಭ.

ತಾಲ್ಲೂಕಿನಲ್ಲಿ ಆಗುವ ಕೆಲಸ

ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ ಹಾಗೂ ಜಗಳೂರಿನಂತಹ ಊರುಗಳಿಗೆ ಕಸಿಯ ನಂತರ ಮರಳಿದವರಿಗೆ ಮಾಸ್ ಸ್ಪೆಕ್ಟ್ರೋಮೀಟರ್ ದೂರದ ಮಾತು. ಆದರೆ ಹಿಮೋಗ್ಲೋಬಿನ್, ಹೆಮಟೋಕ್ರಿಟ್, ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಸಾಮಾನ್ಯ ಪರೀಕ್ಷೆಗಳು. ಟ್ಯಾಕ್ರೋಲಿಮಸ್ ಪರೀಕ್ಷೆಗೆ ರಕ್ತ ಕೊಟ್ಟ ದಿನವೇ ಇವುಗಳನ್ನೂ ಮಾಡಿಸಿ ಎಲ್ಲ ವರದಿಗಳನ್ನೂ ಕಸಿ ವೈದ್ಯರಿಗೆ ಒಟ್ಟಿಗೆ ತೋರಿಸಿದರೆ, ಇಳಿದ ಅಂಕಿ ಔಷಧದ ಕೊರತೆಯೋ ರಕ್ತದ ಕೊರತೆಯೋ ಎಂಬುದನ್ನು ಅವರು ತೂಗಿ ನೋಡಬಲ್ಲರು.

ರಕ್ತ ಕೊಡಬೇಕಾದುದು ಬೆಳಗಿನ ಮಾತ್ರೆಗೆ ಮುಂಚೆ. ಹಿಂದಿನ ರಾತ್ರಿ ಮಾತ್ರೆ ನುಂಗಿದ ಗಂಟೆಯನ್ನು ಚೀಟಿಯಲ್ಲಿ ಬರೆಸುವುದು ಒಳಿತು. ಪ್ರಯೋಗಾಲಯಗಳ ವಿಧಾನಗಳು ಬೇರೆಬೇರೆಯಾದುದರಿಂದ ಪ್ರತಿಬಾರಿಯೂ ಒಂದೇ ಕಡೆ ಪರೀಕ್ಷಿಸಿದರೆ ಹೋಲಿಕೆಗೆ ಅರ್ಥವಿರುತ್ತದೆ. ಭೇದಿಯಾಗಿದ್ದರೆ, ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಶಿಲೀಂಧ್ರ ಸೋಂಕಿಗೆ ಫ್ಲುಕೋನಜೋಲ್ ಆರಂಭಿಸಿದ್ದರೆ ವೈದ್ಯರಿಗೆ ಹೇಳಲೇಬೇಕು. ರಿಫಾಂಪಿಸಿನ್ ಮಟ್ಟವನ್ನು ಇಳಿಸುತ್ತದೆ, ಉಳಿದೆರಡೂ ಏರಿಸುತ್ತವೆ. ಚಕ್ಕೋತ ಹಣ್ಣೂ ಏರಿಸುವ ಪಟ್ಟಿಯಲ್ಲೇ ಇದೆ.